ಚಿತ್ರಶಾಲೆಗೆ ಹೊರಡುವ ಮುನ್ನ

ನಮ್ಮ ಸೀಮೆಯವರು ಊರು ಬಿಟ್ಟು ಹೊರಡುವುದಕ್ಕೆ ಕಾರಣಗಳು ಬಹಳವಿಲ್ಲ. ಮದುವೆ, ಸೂತಕ, ಆಸ್ಪತ್ರೆ, ನ್ಯಾಯಸ್ಥಾನ, ದೇವರ ಹರಕೆ, ಇವುಗಳಲ್ಲಿ ಒಂದಿದ್ದರೆ ಸರಿ. ಇಲ್ಲದಿದ್ದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ತೋಟದವನು ತನ್ನ ಬೇಲಿಯನ್ನು ದಾಟಿ ಎರಡು ರಾತ್ರಿ ಹೊರಗೆ ಮಲಗುವವನಲ್ಲ. ಹೀಗಿರುವಾಗ, ಮೈಸೂರಿಗೆ ಹೋಗುತ್ತೇವೆ, ಅಲ್ಲಿ ಒಂದು ಚಿತ್ರವನ್ನು ನೋಡಿಕೊಂಡು ಬರುತ್ತೇವೆ ಎಂದು ನಾವು ಹೇಳಿದಾಗ ಪಕ್ಕದ ತೋಟದ ಯಜಮಾನರು ನಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ಸಿನಿಮಾ ಚಿತ್ರವೇ?" ಎಂದು ಕೇಳಿದರು. ಅಲ್ಲ, ಗೋಡೆಗೆ ತೂಗುಹಾಕಿದ ಚಿತ್ರ ಎಂದೆವು. "ಯಾವುದು, ಆ ದೀಪದ ಹುಡುಗಿಯದೇ? ಅದಕ್ಕೆ ಅಷ್ಟು ದೂರ ಏಕೆ ಸ್ವಾಮಿ? ನಿಮ್ಮ ಮನೆಯಲ್ಲಿಯೇ ಇದೆಯಲ್ಲ!" ಎಂದರು.

ಅವರು ಹೇಳಿದುದು ಸುಳ್ಳಲ್ಲ. ನಮ್ಮ ಅಡುಗೆಮನೆಗೂ ದೇವರ ಮನೆಗೂ ನಡುವಣ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಚಿತ್ರವಿದೆ. ಬಹಳ ವರ್ಷಗಳ ಹಿಂದೆ ಒಂದು ಕೊಬ್ಬರಿ ಮಂಡಿಯವರು ಯುಗಾದಿಗೆ ಕೊಟ್ಟುದು. ತಿಂಗಳುಗಳ ಹಾಳೆಯೆಲ್ಲ ಹರಿದುಹೋಗಿ, ಚಿತ್ರ ಮಾತ್ರ ಉಳಿದು, ಅದಕ್ಕೆ ನಮ್ಮ ತಂದೆಯವರು ಕಟ್ಟುಹಾಕಿಸಿದ್ದರು. ಸೀರೆಯುಟ್ಟ ಹುಡುಗಿಯೊಬ್ಬಳು ಒಂದು ಕೈಯಲ್ಲಿ ದೀಪವನ್ನು ಹಿಡಿದು ಇನ್ನೊಂದು ಕೈಯನ್ನು ಅದಕ್ಕೆ ಮರೆಮಾಡಿಕೊಂಡು ನಿಂತಿದ್ದಾಳೆ. ದೀಪದ ಬೆಳಕು ಅವಳ ಮುಖಕ್ಕೆ ಬಿದ್ದಿದೆ, ಬಿದ್ದಿತ್ತು ಎನ್ನಬೇಕು. ಏಕೆಂದರೆ ಒಲೆಯ ಹೊಗೆಯೂ ಒಗ್ಗರಣೆಯ ಜಿಡ್ಡೂ ಕೂಡಿ ಅವಳ ಮುಖವನ್ನು ಒಂದೇ ಬಣ್ಣಕ್ಕೆ ತಂದಿವೆ. ಬೆರಳುಗಳ ಸಂದು ಎಲ್ಲಿ, ಬೆಳಕು ಎಲ್ಲಿ ಎಂಬುದು ಈಗ ತಿಳಿಯುವಂತಿಲ್ಲ.

ಈ ಚಿತ್ರದ ಮೂಲವು ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿದೆ. ಅದನ್ನು ಕಣ್ಣಾರೆ ನೋಡಬೇಕೆಂಬುದು ನಮ್ಮ ತಾಯಿಯವರ ಬಯಕೆ. ಅವರಿಗೆ ಈಗ ೭೬ ವರ್ಷ. ಅವರು ಈ ಬಯಕೆಯನ್ನು ಹೇಳಿಕೊಂಡುದು ಬೇರೆ ಯಾವ ಕಾಲದಲ್ಲಿಯಾಗಿದ್ದರೂ ನಾವು "ಆಗಲಮ್ಮ, ಬರುವ ವರ್ಷ ನೋಡೋಣ" ಎಂದು ಬಿಡುತ್ತಿದ್ದೆವು. ಹಾಗೆ ಹೇಳಲಾಗದಂತೆ ಆದುದು ಹೇಗೆಂಬುದನ್ನು ಮೊದಲು ತಿಳಿಸಬೇಕು.

ನಮ್ಮ ಕಡೆಯ ಉಂಡೆ ಕೊಬ್ಬರಿಯನ್ನು ಕಂಡವರು ಬಹಳ. ಅದು ಆಗುವ ಬಗೆಯನ್ನು ಬಲ್ಲವರು ಕಡಮೆ. ಕಾಯನ್ನು ಒಡೆದು ಬಿಸಿಲಿಗೆ ಹರಡುವ ಕೊಬ್ಬರಿ ಇದಲ್ಲ. ಬಲಿತ ಕಾಯನ್ನು ಮಟ್ಟೆಯ ಸಮೇತ ಅಟ್ಟಕ್ಕೆ ಏರಿಸಿ, ಒಂಬತ್ತು ತಿಂಗಳೋ ಹತ್ತು ತಿಂಗಳೋ, ಕೆಲವು ಸಲ ತುಂಬಿದ ವರ್ಷವೋ ಹಾಗೆಯೇ ಬಿಡಬೇಕು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗುಡುಗುಡು ಎನ್ನಬೇಕು. ಆಗ ಸುಲಿದು, ಚಿಪ್ಪನ್ನು ಒಡೆದು, ಉಂಡೆಯನ್ನು ಗಾಯವಾಗದಂತೆ ತೆಗೆಯುವುದು. ಅಟ್ಟವೆಂದರೆ ಹಗಲಿನಲ್ಲಿಯೂ ಕತ್ತಲೆ. ಅಲ್ಲಿ ಯಾವ ಕಾಯಿ ಆಗಿದೆ, ಯಾವುದು ಆಗಿಲ್ಲ, ಯಾವುದು ಒಳಗೇ ಕೊಳೆತಿದೆ ಎಂದು ಆರಿಸುವ ಕೆಲಸ ಐವತ್ತು ವರ್ಷಗಳಿಂದ ನಮ್ಮ ತಾಯಿಯವರದು. ಅವರು ಅದನ್ನು ಕಿವಿಯಿಂದಲೂ ಕೈಯಿಂದಲೂ ಮಾಡುತ್ತಿದ್ದರು. ಕಣ್ಣಿನ ಕೆಲಸ ಅಲ್ಲಿ ಇರಲಿಲ್ಲ. ಅವರ ಕಣ್ಣು ಹೋಗುತ್ತಿದೆಯೆಂಬುದು ನಮಗೆ ಬಹುಕಾಲ ತಿಳಿಯದೆ ಇದ್ದುದಕ್ಕೆ ಇದೂ ಒಂದು ಕಾರಣ.

ಮೊದಲು ಹೊಸ್ತಿಲನ್ನು ಎಡವಿದರು. ವಯಸ್ಸು ಎಂದೆವು. ಆಮೇಲೆ ಪಕ್ಕದಲ್ಲಿ ಬಂದು ನಿಂತ ಮೊಮ್ಮಗನನ್ನು ಕಾಣದೆ ಬೆಚ್ಚಿದರು. ಯೋಚನೆಯಲ್ಲಿದ್ದಾರೆ ಎಂದೆವು. ಒಂದು ಸಂಜೆ ದೇವರ ಮುಂದಿನ ದೀಪಕ್ಕೆ ಎಣ್ಣೆ ಹಾಕುವಾಗ ಎಣ್ಣೆಯು ಬಟ್ಟಲಿನ ಹೊರಕ್ಕೆ ಹರಿದು ಮಣೆಯ ಮೇಲೆಲ್ಲ ನಿಂತಿತು. ಅವರು ಅದನ್ನು ಸೆರಗಿನಿಂದ ಒರಸಿ ಯಾರಿಗೂ ಹೇಳಬೇಡವೆಂದು ನಮ್ಮ ಮನೆಯಾಕೆಗೆ ಹೇಳಿದರಂತೆ. ಆಕೆ ನಮಗೆ ಹೇಳಿದಳು. ಪೊರೆ ಬಂದಿರಬೇಕು, ಸುಗ್ಗಿಯ ಕೆಲಸ ಮುಗಿಯಲಿ, ತೆಗೆಸಿದರಾಯಿತು ಎಂದು ಮತ್ತೆ ನಾಲ್ಕು ತಿಂಗಳು ನಾವೇ ಕಳೆದೆವು. ತೋರಿಸಿದಾಗ ವೈದ್ಯರು ಇದು ಪೊರೆಯಲ್ಲ, ಗ್ಲಾಕೋಮ ಎಂದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ದೃಷ್ಟಿಯ ನರವು ಸವೆಯುತ್ತ ಬರುವ ಬೇನೆ ಇದು. ನೋವಿಲ್ಲ, ಕೆಂಪಿಲ್ಲ. ನೋಟದ ಅಂಚುಗಳು ಮೊದಲು ಹೋಗುತ್ತವೆ. ನಡುವಣ ನೋಟ ಕಡೆಯ ತನಕ ಉಳಿದಿರುತ್ತದೆ. ಆದುದರಿಂದ ರೋಗಿಗೂ ತಿಳಿಯುವುದಿಲ್ಲ. ಪೊರೆಯನ್ನು ತೆಗೆದರೆ ನೋಟ ಮರಳುತ್ತದೆ. ಇದರಲ್ಲಿ ಹೋದುದು ಹೋಯಿತು, ಇರುವುದನ್ನು ಉಳಿಸಿಕೊಳ್ಳಲು ಮಾತ್ರ ತೊಟ್ಟಿನ ಔಷಧ. ನಲವತ್ತು ದಾಟಿದ ಪ್ರತಿಯೊಬ್ಬರೂ, ಮನೆತನದಲ್ಲಿ ಈ ಬೇನೆಯಿದ್ದವರಂತೂ ತಪ್ಪದೆ, ಕಣ್ಣಿನ ಒತ್ತಡವನ್ನು ಅಳೆಯಿಸಿಕೊಳ್ಳತಕ್ಕುದೆಂದು ವೈದ್ಯರು ಹೇಳಿದರು. ನಾವು ನಮ್ಮದನ್ನೂ ಅಳೆಯಿಸಿಕೊಂಡು ಬಂದೆವು.

ಬರುವ ದಾರಿಯಲ್ಲಿ ತಾಯಿಯವರು ಮಾತನಾಡಲಿಲ್ಲ. ಮನೆಗೆ ಬಂದು ಕಾಲು ತೊಳೆದುಕೊಂಡು ಅಡುಗೆಮನೆಯ ಆ ಚಿತ್ರದ ಮುಂದೆ ನಿಂತು, "ಅವಳ ಬೆರಳಿನ ಸಂದಿನಲ್ಲಿ ಬೆಳಕು ಕೆಂಪಗೆ ಕಾಣುತ್ತಂತೆ, ನಿಜವೇನಪ್ಪಾ?" ಎಂದು ಕೇಳಿದರು. ಚಿತ್ರಶಾಲೆಯ ಮಾತು ಶುರುವಾದುದು ಹಾಗೆ.

ಇಷ್ಟು ವರ್ಷವೂ ನಾವು ಆ ಚಿತ್ರವನ್ನು ರವಿವರ್ಮನದೆಂದೇ ನಂಬಿದ್ದೆವು. ಬಂದವರಿಗೆಲ್ಲ ಹಾಗೆಯೇ ಹೇಳಿದ್ದೆವು. ನಮ್ಮ ಕಡೆಯಲ್ಲಿ ಚೆನ್ನಾದ ಚಿತ್ರವೆಲ್ಲವೂ ರವಿವರ್ಮನದೇ. ಅದಕ್ಕೆ ಕಾರಣವೂ ಇಲ್ಲದಿಲ್ಲ. ಅವನು ೧೮೯೪ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಕಾರ್ಖಾನೆಯನ್ನು ತೆರೆದ ಮೇಲಲ್ಲವೇ ಅರಮನೆಯೊಳಗಿದ್ದ ಲಕ್ಷ್ಮಿ ಸರಸ್ವತಿಯರು ಬಡವರ ದೇವರ ಮನೆಗೂ ಬಂದುದು? ಆದರೆ ಮಗನು ಹುಡುಕಿ ತಿಳಿಸಿದ ಮೇಲೆ ನಮ್ಮ ನಂಬಿಕೆ ಬಿದ್ದುಹೋಯಿತು. ರವಿವರ್ಮನು ತೀರಿಕೊಂಡುದು ೧೯೦೬ರಲ್ಲಿ; ದೀಪದ ಹುಡುಗಿಯ ಚಿತ್ರ ಆದುದು ೧೯೪೫-೪೬ರ ಸುಮಾರಿನಲ್ಲಿ. ಬರೆದವರು ಸಾವಂತವಾಡಿಯ ಕಡೆಯವರಾಗಿ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಎಸ್. ಎಲ್. ಹಳದಣಕರ್ ಎಂಬವರು (೧೮೮೨–೧೯೬೮). ದೀಪಾವಳಿಯ ವೇಳೆ ಅವರ ಮಗಳು ಗೀತಾ ಸೀರೆಯುಟ್ಟು ದೀಪ ಹಿಡಿದು ಬಂದುದನ್ನು ಕಂಡು, ಅವಳನ್ನೇ ನಿಲ್ಲಿಸಿಕೊಂಡು ಬರೆದರಂತೆ. ಅದೂ ಎಣ್ಣೆಯ ಬಣ್ಣದಲ್ಲಲ್ಲ, ನೀರಿನ ಬಣ್ಣದಲ್ಲಿ. ಎಣ್ಣೆಯ ಬಣ್ಣದಲ್ಲಿ ತಪ್ಪಿದುದನ್ನು ಮೇಲಿನಿಂದ ಮುಚ್ಚಬಹುದು. ನೀರಿನ ಬಣ್ಣದಲ್ಲಿ ಹಾಗಿಲ್ಲ. ಬೆಳಕು ಬೇಕಾದ ಕಡೆಯಲ್ಲಿ ಕಾಗದದ ಬಿಳುಪನ್ನು ಮೊದಲಿನಿಂದಲೇ ಕಾಪಾಡಿಕೊಂಡು ಬರಬೇಕು. ಒಂದು ಸಲ ಅಲ್ಲಿ ಕಪ್ಪು ಬಿದ್ದರೆ ಬಿದ್ದಿತು.

ಇದನ್ನೆಲ್ಲ ತಾಯಿಯವರಿಗೆ ವಿವರಿಸಿದೆವು. ರವಿವರ್ಮನ ವಿಷಯ ಅವರಿಗೆ ಅಷ್ಟಾಗಿ ಮನಸ್ಸಿಗೆ ಹತ್ತಲಿಲ್ಲ. "ಮಗಳನ್ನು ಎಷ್ಟು ಹೊತ್ತು ನಿಲ್ಲಿಸಿದ್ದನಂತೆ?" ಎಂದರು. ಮೂರು ಗಂಟೆಯೆಂದು ಹೇಳುತ್ತಾರೆ ಎಂದೆವು. "ಪಾಪ, ಕೈ ಸುಟ್ಟಿರಬೇಕು" ಎಂದರು.

ಹೋಗುವುದೆಂದು ತೀರ್ಮಾನವಾದ ಮೇಲೆ ಮನೆಯಲ್ಲಿ ಎಲ್ಲರೂ ಯೋಜನೆ ಹಾಕತೊಡಗಿದರು. ಮಗನು ಒಂದು ಪಟ್ಟಿಯನ್ನು ತಂದನು. ದೊಡ್ಡ ಅರಮನೆ, ೧೮೯೨ರಿಂದ ಇರುವ ಮೃಗಾಲಯ, ಚಾಮುಂಡಿ ಬೆಟ್ಟ, ಕನ್ನಂಬಾಡಿ, ಸಂಜೆಗೆ ಬೃಂದಾವನ, ನಡುವೆ ಒಂದು ಗಂಟೆ ಜಗನ್ಮೋಹನ. ಒಂದು ಗಂಟೆ! ನಾವು ಅವನನ್ನು ಬೈಯಲಿಲ್ಲ. ಏಕೆಂದರೆ ಅವನ ವಯಸ್ಸಿನಲ್ಲಿ ನಾವೂ ಹಾಗೆಯೇ ಮಾಡಿ ಕೈಸುಟ್ಟುಕೊಂಡಿದ್ದೆವು.

ಶಾಲೆಯಲ್ಲಿ ಓದುತ್ತಿದ್ದಾಗ ನಮ್ಮನ್ನು ಹೈದರಾಬಾದಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಅಲ್ಲಿಯ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ ಲೋಕಪ್ರಸಿದ್ಧ. ನಿಜಾಮನ ದಿವಾನರಾಗಿದ್ದ ಮೂರನೆಯ ಸಾಲಾರ್ ಜಂಗರು ಜೀವಮಾನವೆಲ್ಲ ಕೂಡಿಹಾಕಿದ ವಸ್ತುಗಳನ್ನು, ಅವರು ೧೯೪೯ರಲ್ಲಿ ತೀರಿಕೊಂಡ ಮೇಲೆ, ೧೯೫೧ರ ಡಿಸೆಂಬರಿನಲ್ಲಿ ಜನರಿಗಾಗಿ ತೆರೆದರು. ಈಗಿರುವ ಕಟ್ಟಡಕ್ಕೆ ಅದು ಬಂದುದು ೧೯೬೮ರಲ್ಲಿ. ಅಲ್ಲೊಂದು ಗಡಿಯಾರವಿದೆ. ಗಂಟೆ ಹೊಡೆಯುವ ಹೊತ್ತಿಗೆ ಒಳಗಿನಿಂದ ಒಬ್ಬ ಗೊಂಬೆ ಆಳು ಹೊರಗೆ ಬಂದು ಹೊಡೆದು ಒಳಗೆ ಹೋಗುತ್ತಾನೆ. ನಮ್ಮನ್ನು ಕರೆದುಕೊಂಡು ಹೋದವರಿಗೆ ಹನ್ನೆರಡು ಗಂಟೆ ಹೊಡೆಯುವುದನ್ನು ತೋರಿಸಬೇಕೆಂಬ ಹಠ. ಕೋಣೆಯಿಂದ ಕೋಣೆಗೆ ಓಡಿಸಿದರು. ಬೆನ್‌ಜೋನಿ ಎಂಬ ಇಟಲಿಯ ಶಿಲ್ಪಿ ೧೮೭೬ರಲ್ಲಿ ಕಡೆದ ರೆಬೆಕಾಳ ಅಮೃತಶಿಲೆಯ ಪ್ರತಿಮೆ ಅಲ್ಲಿದೆ. ಕಲ್ಲಿನ ಮುಸುಕಿನೊಳಗಿನಿಂದ ಮುಖವು ತೋರುವ ಹಾಗೆ ಅದನ್ನು ಕಡೆದಿದ್ದಾನೆ. ಅದರ ಮುಂದೆ ನಾವು ನಿಂತುದು ಬೂಟಿನ ದಾರ ಕಟ್ಟಿಕೊಳ್ಳುವಷ್ಟು ಹೊತ್ತು. ನಿಜವಾಗಿ ದಾರವನ್ನೇ ಕಟ್ಟಿಕೊಳ್ಳುತ್ತಿದ್ದೆವು. ಹನ್ನೆರಡು ಗಂಟೆ ಹೊಡೆದುದನ್ನು ಕೇಳಿದೆವು. ಮುಂದಿನ ಸಾಲಿನಲ್ಲಿದ್ದವರ ಬೆನ್ನುಗಳನ್ನು ನೋಡಿದೆವು. ಊರಿಗೆ ಬಂದು ತಾಯಿಯವರಿಗೆ ಏನು ನೋಡಿದೆ ಎಂದು ಹೇಳಲು ಹೋದರೆ ಹೇಳುವುದಕ್ಕೆ ಏನೂ ಇರಲಿಲ್ಲ.

ದೊಡ್ಡ ಚಿತ್ರಶಾಲೆಗಳ ಕಷ್ಟವೇ ಇದು. ಪ್ಯಾರಿಸ್ಸಿನ ಲೂವ್ರಿನಲ್ಲಿ ನೋಟಕ್ಕೆ ಇಟ್ಟಿರುವ ವಸ್ತುಗಳು ಸುಮಾರು ೩೫,೦೦೦ ಎನ್ನುತ್ತಾರೆ. ಒಂದೊಂದಕ್ಕೆ ಒಂದು ನಿಮಿಷದಂತೆ, ದಿನಕ್ಕೆ ಎಂಟು ಗಂಟೆ, ಊಟವನ್ನೂ ಬಿಟ್ಟು ನೋಡಿದರೂ ೭೩ ದಿನಗಳು ಬೇಕಾಗುತ್ತವೆ. ಇದನ್ನು ನಾವು ಕೊಬ್ಬರಿ ಲೆಕ್ಕದ ಪುಸ್ತಕದ ಹಿಂದೆ ಗುಣಿಸಿ ನೋಡಿದೆವು. ನಮ್ಮ ನೆಂಟರ ಪೈಕಿ ಹುಡುಗನೊಬ್ಬ ಅಲ್ಲಿಗೆ ಹೋಗಿ ಬಂದ. ಮೋನಾ ಲೀಸಾಳನ್ನು ನೋಡಿದೆಯೇನಪ್ಪಾ ಎಂದರೆ, ನೂರು ಜನ ಎತ್ತಿಹಿಡಿದ ಮೊಬೈಲುಗಳ ನಡುವೆ ನೋಡಿದೆ ಎಂದ. ಆ ಚಿತ್ರವು ಎರಡು ಮೊಳದ ಎತ್ತರವೂ ಇಲ್ಲ. ೭೭ ಸೆಂಟಿಮೀಟರು ಉದ್ದ, ೫೩ ಅಗಲ. ಅಷ್ಟು ದೂರ ಹೋದವನು ಕಡೆಗೆ ತನ್ನ ಮೊಬೈಲಿನಲ್ಲಿಯೇ ಅದನ್ನು ನೋಡಿಕೊಂಡು ಬಂದನೆಂದಾಯಿತು. ಅದನ್ನು ತಿಪಟೂರಿನಲ್ಲಿಯೇ ಮಾಡಬಹುದಾಗಿತ್ತು.

ಆದುದರಿಂದ ಪಟ್ಟಿಯನ್ನು ಹೊಡೆದುಹಾಕಿದೆವು. ಒಂದು ದಿನ, ಒಂದು ಮನೆ. ಅರಮನೆ ಮೃಗಾಲಯಗಳು ಮಗನ ಪಾಲಿಗೆ ಮರುದಿನ ಇರಲಿ; ತಾಯಿಯವರು ಅಂದು ನೆಂಟರ ಮನೆಯಲ್ಲಿ ಮಲಗಿರಲಿ. ಇದಕ್ಕೆ ನಮ್ಮ ಮನೆಯಾಕೆಯ ಸಮ್ಮತಿ ದೊರೆಯುವುದು ಸ್ವಲ್ಪ ಕಷ್ಟವಾಯಿತು. "ಅಷ್ಟು ಖರ್ಚು ಮಾಡಿ ಹೋಗಿ ಚಾಮುಂಡಿಯ ದರ್ಶನವನ್ನೂ ಮಾಡದೆ ಬರುವುದೇ?" ಎಂದಳು. ನ್ಯಾಯವಾದ ಮಾತು. ಅವಳಿಗೂ ಮರುದಿನ ಬೆಟ್ಟವಾಯಿತು.

ಜಗನ್ಮೋಹನವೂ ಚಿಕ್ಕದೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ೧೮೬೧ರಲ್ಲಿ ಕಟ್ಟಿಸಿದುದು. ೧೮೯೭ರಲ್ಲಿ ರಾಜಕುಮಾರಿಯ ಮದುವೆಯ ಕಾಲದಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಮನೆತನದವರು ಇಲ್ಲಿಗೆ ಬಂದು ನಿಂತರು. ೧೯೦೨ರಲ್ಲಿ ನಾಲ್ವಡಿಯವರಿಗೆ ಅಧಿಕಾರ ಬಂದ ಸಮಾರಂಭ ನಡೆದುದು ಇಲ್ಲಿಯೇ. ೧೯೧೨ರಲ್ಲಿ ಹೊಸ ಅರಮನೆ ಮುಗಿಯಿತು; ೧೯೧೫ರಲ್ಲಿ ಇದು ಚಿತ್ರಶಾಲೆಯಾಯಿತು; ೧೯೫೫ರಲ್ಲಿ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಇದಕ್ಕೆ ಇಟ್ಟರು. ಮೂರು ಅಂತಸ್ತು. ರವಿವರ್ಮನ ದೊಡ್ಡ ದೊಡ್ಡ ತೈಲಚಿತ್ರಗಳಿವೆ. ಹಿಮಾಲಯವನ್ನು ಬರೆದ ರಷ್ಯದ ರೋರಿಕ್ ಮಹಾಶಯರ ಕೃತಿಗಳಿವೆ. ಅವರ ಮಗ ಸ್ವೆತೊಸ್ಲಾವ್ ರೋರಿಕರು ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ನೆಲಸಿ ೧೯೯೩ರಲ್ಲಿ ತೀರಿಕೊಂಡರು, ಅವರವೂ ಇವೆ. ಗೋಡೆಯ ಮೇಲೆ ಮೈಸೂರು ಸಂಪ್ರದಾಯದವರು ಬರೆದ ದಸರಾ ಮೆರವಣಿಗೆಯಿದೆ. ಆ ಸಂಪ್ರದಾಯದ ಪಟಗಳಲ್ಲಿ ಆಭರಣ ಬರುವೆಡೆಗೆ ಬಿಳಿಯ ಸರಿಯನ್ನು ತೆಳುವಾಗಿ ಉಬ್ಬಿಸಿ ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಿದ್ದರು. ತಂಜಾವೂರಿನದಕ್ಕಿಂತ ಉಬ್ಬು ಕಡಮೆ, ಗೆರೆ ನಯ. ಅಕ್ಕಿಯ ಕಾಳಿನ ಮೇಲೆ ಬರೆದ ಚಿತ್ರಗಳೂ ಇವೆ, ಭೂತಗನ್ನಡಿಯಲ್ಲಿ ನೋಡತಕ್ಕವು. ಇವುಗಳನ್ನು ತಾಯಿಯವರಿಗೆ ಹೇಳದಿರುವುದೆಂದು ನಮ್ಮಲ್ಲಿ ಒಪ್ಪಂದವಾಯಿತು.

ಈಗ ನಿಜವಾದ ತೊಡಕು ಬಂದಿತು. ಹೋಗಿಬಂದವರು ಹೇಳುವ ಪ್ರಕಾರ ಆ ದೀಪದ ಹುಡುಗಿಯನ್ನು ಇಟ್ಟಿರುವುದು ಕತ್ತಲೆ ಮಾಡಿದ ಸ್ಥಳದಲ್ಲಿ. ಅದರಲ್ಲಿ ತಪ್ಪಿಲ್ಲ. ಕತ್ತಲೆಯಲ್ಲಿದ್ದರೆ ದೀಪ ನಿಜವಾಗಿ ಉರಿಯುವಂತೆಯೇ ತೋರುತ್ತದಂತೆ. ಅದೂ ಅಲ್ಲದೆ ಕಾಗದದ ಮೇಲಿನ ನೀರಿನ ಬಣ್ಣಕ್ಕೆ ಬಿಸಿಲೂ ಬೆಳಕೂ ಶತ್ರು. ಆದರೆ ಗ್ಲಾಕೋಮ ಬಂದ ಕಣ್ಣಿಗೆ ಮಬ್ಬುಗತ್ತಲೆಯಷ್ಟು ಕಷ್ಟವಾದುದು ಇನ್ನೊಂದಿಲ್ಲ. ಆ ಚಿತ್ರಕ್ಕೆ ಬೇಕಾದುದು ಕತ್ತಲೆ, ನಮ್ಮ ತಾಯಿಯವರ ಕಣ್ಣಿಗೆ ಬೇಕಾದುದು ಬೆಳಕು. ಅಷ್ಟು ದೂರ ಕರೆದುಕೊಂಡು ಹೋಗಿ, ಮೆಟ್ಟಿಲು ಹತ್ತಿಸಿ, ಚಿತ್ರದ ಮುಂದೆ ನಿಲ್ಲಿಸಿ, ಅವರು "ಎಲ್ಲಿ?" ಎಂದು ಕೇಳಿದರೆ ಏನು ಮಾಡುವುದು? ಈ ಯೋಚನೆಯಿಂದ ನಮಗೆ ಎರಡು ರಾತ್ರಿ ನಿದ್ದೆ ಬರಲಿಲ್ಲ. ಹೋಗದಿರುವುದೇ ಲೇಸೇನೋ ಎಂದೂ ತೋರಿತು. ಕಾಣದೆ ಹೋಯಿತೆಂಬುದಕ್ಕಿಂತ ನೋಡಲಿಲ್ಲವೆಂಬುದು ಸಹಿಸಬಹುದಾದ ದುಃಖವಲ್ಲವೇ?

ಕಣ್ಣಿನ ವೈದ್ಯರನ್ನೇ ಕೇಳಿದೆವು. ಅವರು ನಗಲಿಲ್ಲ. ಬಿಸಿಲಿನಿಂದ ನೇರವಾಗಿ ಒಳಕ್ಕೆ ಕರೆದೊಯ್ಯಬೇಡಿ ಎಂದರು. ಒಳ್ಳೆಯ ಕಣ್ಣಿಗೇ ಕತ್ತಲೆಗೆ ಪೂರ್ತಿಯಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕಂತೆ; ಇವರಿಗೆ ಇನ್ನೂ ಸಾವಕಾಶ ಬೇಕು. ನೆರಳಿರುವ ಕೋಣೆಯಲ್ಲಿ ಕುಳ್ಳಿರಿಸಿ, ಆಮೇಲೆ ಕರೆದೊಯ್ಯಿರಿ. ಅವರಿಗೆ ಉಳಿದಿರುವುದು ಕೊಳವೆಯೊಳಗಿನಿಂದ ನೋಡಿದಂತಹ ನಡುವಣ ನೋಟ. ಆದುದರಿಂದ ದೊಡ್ಡ ಚಿತ್ರವಾದರೆ ದೂರ ನಿಲ್ಲಿಸಿ, ಆಗ ಚಿತ್ರವು ಆ ಕೊಳವೆಯೊಳಗೆ ಹಿಡಿಯುತ್ತದೆ. ಚಿಕ್ಕ ಚಿತ್ರವಾದರೆ ಹತ್ತಿರ. ಕತ್ತಲೆಯ ನಡುವೆ ಒಂದೇ ಒಂದು ಬೆಳಕಿನ ಚುಕ್ಕೆಯಿದ್ದರೆ ಅದು ಸಿಕ್ಕಿದರೂ ಸಿಕ್ಕೀತು ಎಂದರು. ಸಿಕ್ಕುತ್ತದೆ ಎನ್ನಲಿಲ್ಲ.

ಒಂದು ಸಲ ಪರೀಕ್ಷಿಸಿ ನೋಡೋಣವೆಂದು ಅರಳಗುಪ್ಪೆಗೆ ಹೋದೆವು. ಮೈಸೂರಿನ ಚಿತ್ರಶಾಲೆಗೆ ತಯಾರಿಯೆಂದು ಅರಳಗುಪ್ಪೆಯ ಕಲ್ಲೇಶ್ವರನ ಗುಡಿಗೆ ಹೋದವರು ನಾವೇ ಮೊದಲಿರಬೇಕು, ವಾಚಕರು ನಗಬಹುದು. ನಮ್ಮ ತಿಪಟೂರು ತಾಲ್ಲೂಕಿನ ಈ ಊರಿನಲ್ಲಿ ಎರಡು ಗುಡಿಗಳಿವೆ. ಒಂದು ಹೊಯ್ಸಳರ ಕಾಲದ ಚೆನ್ನಕೇಶವ, ಹೊನ್ನೋಜನೆಂಬ ರೂವಾರಿಯ ಕೆಲಸ. ಇನ್ನೊಂದು ಅದಕ್ಕಿಂತ ಬಹಳ ಹಳೆಯದು, ಒಂಬತ್ತನೆಯ ಶತಮಾನದ್ದು, ಕಲ್ಲೇಶ್ವರ. ಅದರ ಭುವನೇಶ್ವರಿಯಲ್ಲಿ, ಎಂದರೆ ನಡುಮಂಟಪದ ಸೂರಿನಲ್ಲಿ, ಕುಣಿಯುವ ಶಿವನನ್ನು ನಡುವೆ ಇಟ್ಟು ಸುತ್ತಲೂ ಎಂಟು ದಿಕ್ಕಿನ ಒಡೆಯರನ್ನು ಅವರವರ ವಾಹನಗಳೊಡನೆ ಕಡೆದಿದ್ದಾರೆ. ಹುಟ್ಟಿದಾಗಿನಿಂದ ಆ ದಾರಿಯಲ್ಲಿ ಓಡಾಡಿದ ನಾವು ಅದನ್ನು ಕತ್ತೆತ್ತಿ ನೋಡಿದುದು ಎರಡೋ ಮೂರೋ ಸಲ.

ಒಳಗೆ ಮಬ್ಬು. ತಾಯಿಯವರನ್ನು ಬಾಗಿಲಿನ ಬಳಿಯ ನೆರಳಿನಲ್ಲಿ ಅರ್ಧ ಗಂಟೆ ಕುಳ್ಳಿರಿಸಿದೆವು. ಅವರು ಆ ಹೊತ್ತನ್ನು ಅಲ್ಲಿಗೆ ಬಂದಿದ್ದ ಒಬ್ಬಾಕೆಯೊಡನೆ ನುಸಿ ಹತ್ತಿದ ಕಾಯಿಯ ವಿಷಯ ಮಾತನಾಡಿ ಕಳೆದರು. ಅನಂತರ ಒಳಗೆ ಚಾಪೆ ಹಾಸಿ ಅಂಗಾತ ಮಲಗಿಸಿದೆವು. ಮಗನು ಟಾರ್ಚನ್ನು ಹಿಡಿದು ಬೆಳಕನ್ನು ಇಡೀ ಸೂರಿನ ಮೇಲೆ ಬಿಟ್ಟನು. "ಏನೂ ಕಾಣುವುದಿಲ್ಲ" ಎಂದರು. ನಮ್ಮ ಎದೆ ಧಸಕ್ಕೆಂದಿತು. ಅವರೇ, "ಅಲ್ಲಾ ಮಗಾ, ಎಲ್ಲವನ್ನೂ ಒಟ್ಟಿಗೆ ತೋರಿಸಬೇಡ. ಒಂದು ಕಡೆ ಹಿಡಿ. ಸಾವಕಾಶವಾಗಿ ಸರಿಸು" ಎಂದರು. ಅವನು ಬೆಳಕನ್ನು ಚಿಕ್ಕದು ಮಾಡಿ ಒಂದು ಮೂಲೆಯಿಂದ ಸರಿಸತೊಡಗಿದನು. ಆಗ ಅವರು ಹೇಳುತ್ತ ಹೋದರು: ಇಲ್ಲಿ ಆನೆಯ ಮೇಲೆ ಕುಳಿತವನು, ಇಲ್ಲಿ ಟಗರು, ಇದು ಕಾಲು, ಎತ್ತಿದ ಕಾಲು, ಇಲ್ಲಿ ಬೆರಳು. ಒಂದು ಬೆರಳಿನ ಮೇಲೆ ಬೆಳಕನ್ನು ಬಹಳ ಹೊತ್ತು ನಿಲ್ಲಿಸಿಕೊಂಡರು. ಮುಕ್ಕಾಲು ಗಂಟೆ ಆಯಿತು. ನಾವೂ ಪಕ್ಕದಲ್ಲಿ ಮಲಗಿ ನೋಡಿದೆವು. ಶಿವನ ಪಾದದ ಬಳಿಯ ವಾದ್ಯಗಾರರು ನಮಗೆ ಮೊತ್ತಮೊದಲು ಕಂಡುದು ಆ ದಿನವೇ.

ಚಿತ್ರಶಾಲೆಯೊಳಗೆ ಟಾರ್ಚು ಹಿಡಿಯುವಂತಿಲ್ಲವೆಂಬುದನ್ನು ನಾವು ಬಲ್ಲೆವು, ಹಿಡಿಯಲೂಬಾರದು. ಆದರೆ ನೋಡುವ ಕ್ರಮವು ತಿಳಿಯಿತು. ಇಲ್ಲಿ ಟಾರ್ಚಿನ ಕೆಲಸವನ್ನು ಚಿತ್ರದೊಳಗಿನ ದೀಪವೇ ಮಾಡಬೇಕು.

ಮಿಕ್ಕ ವಿಷಯಗಳು ಬೇಗ ಗೊತ್ತಾದುವು. ದಸರೆಯ ಜಂಗುಳಿಯಲ್ಲಿ ಬೇಡ. ಡಿಸೆಂಬರಿನಲ್ಲಿ ಶಾಲೆಯ ಮಕ್ಕಳ ಪ್ರವಾಸ, ಬೇಡ. ಬೇಸಗೆಯ ರಜದಲ್ಲಿ ಬೇಡ. ಭಾನುವಾರ ಎಂದಿಗೂ ಬೇಡ. ವಾರದ ನಡುವಣ ಒಂದು ದಿನ, ಬಾಗಿಲು ತೆರೆಯುವ ಹೊತ್ತಿಗೆ. ಕೊಬ್ಬರಿ ಸುಲಿಯುವವರು ಬರುವ ವಾರವನ್ನು ಮುಂದಕ್ಕೆ ಹಾಕಿದೆವು. ಹರಾಜಿಗೆ ಕೊಡಬೇಕಾದ ಚೀಲಗಳನ್ನು ಹಿಂದಿನ ವಾರವೇ ಕೊಟ್ಟೆವು. ಎರಡು ವಾರ ಕಾದಿದ್ದರೆ ಧಾರಣೆ ಇನ್ನಷ್ಟು ಬರುತ್ತಿತ್ತೆಂದು ಪಕ್ಕದ ಯಜಮಾನರು ಇಂದಿಗೂ ಹೇಳುತ್ತಾರೆ.

ದಾರಿಯ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಕಾರಿನಲ್ಲಿ ತುರುವೇಕೆರೆ, ಮಾಯಸಂದ್ರ, ನಾಗಮಂಗಲ, ಶ್ರೀರಂಗಪಟ್ಟಣದ ಮೇಲೆ ಹೋದರೆ ಹತ್ತಿರ. ರೈಲಿನಲ್ಲಿ ಅರಸೀಕೆರೆಗೆ ಹೋಗಿ, ಅಲ್ಲಿಂದ ಹಾಸನ, ಹೊಳೆನರಸೀಪುರದ ಮೇಲೆ ಸುತ್ತಿಕೊಂಡು ಹೋಗಬೇಕು. ತಾಯಿಯವರು ರೈಲು ಎಂದರು. ಮದುವೆಯಾದ ಹೊಸತರಲ್ಲಿ ಅವರೂ ನಮ್ಮ ತಂದೆಯವರೂ ಮೈಸೂರಿಗೆ ಹೋದುದು ರೈಲಿನಲ್ಲಿ. ಆಗ ದಸರೆಯ ವಸ್ತುಪ್ರದರ್ಶನವನ್ನು ನೋಡಿದರಂತೆ, ಜಗನ್ಮೋಹನದ ಬಾಗಿಲ ತನಕ ಹೋದರಂತೆ. ಒಳಗೆ ಹೋಗಲಿಲ್ಲವೇಕೆ ಎಂದು ಕೇಳಿದೆವು. "ಹೊತ್ತಾಗಿತ್ತು. ಇನ್ನೊಂದು ಸಲ ಬರೋಣ ಎಂದರು" ಎಂದರು. ಈ ಸಂಗತಿಯನ್ನು ಅವರು ನಮಗೆ ಮೊದಲು ಹೇಳಿರಲಿಲ್ಲ. ಕ್ಯಾಲೆಂಡರಿನ ಚಿತ್ರಕ್ಕೆ ತಂದೆಯವರು ಕಟ್ಟುಹಾಕಿಸಿದುದು ಏಕೆಂಬುದು ಆಗ ನಮಗೆ ಹೊಳೆಯಿತು. ರೈಲೇ ಎಂದು ಗೊತ್ತಾಯಿತು.

ಚಿತ್ರಶಾಲೆಗೆ ಮುಂಚಿತವಾಗಿ ದೂರವಾಣಿ ಮಾಡಿ ವಿಚಾರಿಸಿಕೊಂಡೆವು. ಇಂತಹ ಹಳೆಯ ಕಟ್ಟಡಗಳಲ್ಲಿ ಒಂದಲ್ಲ ಒಂದು ಕಡೆ ದುರಸ್ತಿ ನಡೆಯುತ್ತಲೇ ಇರುತ್ತದೆ; ಹೋಗಿ ಬೀಗ ನೋಡಿ ಬರುವುದಕ್ಕಿಂತ ಕೇಳಿಕೊಂಡು ಹೋಗುವುದು ವಾಸಿ. ವಯಸ್ಸಾದವರು ಬರುತ್ತಾರೆ, ಕಣ್ಣು ಮಂದ, ಕುಳಿತುಕೊಳ್ಳಲು ಒಂದು ಕುರ್ಚಿ ದೊರೆಯಬಹುದೇ ಎಂದೆವು. ಆ ಕಡೆಯಿಂದ ಮಾತನಾಡಿದವರು, "ಕರೆದುಕೊಂಡು ಬನ್ನಿ ಸಾರ್, ನೋಡೋಣ" ಎಂದರು. ಯಾವ ಚಿತ್ರವನ್ನು ನೋಡಬೇಕೆಂದು ಅವರೇ ಕೇಳಿದರು. ಹೇಳಿದೆವು. "ಎಲ್ಲರೂ ಅದನ್ನೇ ಕೇಳುತ್ತಾರೆ" ಎಂದರು.

ನೋಡತಕ್ಕ ಕ್ರಮವನ್ನು ಹೀಗೆ ಗೊತ್ತುಮಾಡಿಕೊಂಡಿದ್ದೇವೆ. ಕಣ್ಣೂ ಕಾಲೂ ದಣಿಯುವ ಮುನ್ನ ಮೊದಲು ದೀಪದ ಹುಡುಗಿ. ಅದಕ್ಕೆ ಎಷ್ಟು ಹೊತ್ತಾದರೂ ಆಗಲಿ. ಆಮೇಲೆ ವಿಶ್ರಾಂತಿ. ಅವರಿಗೆ ಶಕ್ತಿಯಿದ್ದರೆ ರವಿವರ್ಮನ ದೊಡ್ಡ ಚಿತ್ರಗಳು, ಕೋಣೆಯ ಈ ತುದಿಯಿಂದ ಆ ತುದಿಗೆ. ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು. ಉಳಿದುದನ್ನು ಮಗನು ಓಡಾಡಿ ನೋಡಿಕೊಳ್ಳಲಿ. ಅಲ್ಲಿಯೂ ಒಂದು ಹಾಡುವ ಗಡಿಯಾರವಿದೆಯಂತೆ, ಫ್ರಾನ್ಸಿನದು, ಗೊಂಬೆ ಸಿಪಾಯಿಗಳು ಬರುವಂತಹುದು. ನಾವು ಅದರ ತಂಟೆಗೆ ಹೋಗುವುದಿಲ್ಲ.

ನಾಳೆ ಹೊರಡುವುದು. ತೊಟ್ಟಿನ ಔಷಧದ ಸೀಸೆಯನ್ನು ಹತ್ತಿಯಲ್ಲಿ ಸುತ್ತಿ ಬುತ್ತಿಯ ಬುಟ್ಟಿಯಲ್ಲಿ ಇಟ್ಟಿದೆ. ನೆಂಟರ ಮನೆಗೆ ಒಂದು ಚೀಲ ಎಳೆಯ ಕಾಯಿ, ಎರಡು ಸೇರು ಕೊಬ್ಬರಿ. ಇಂದು ಸಂಜೆ ತಾಯಿಯವರು ದೇವರ ಮನೆಯಲ್ಲಿ ದೀಪಕ್ಕ ಎಣ್ಣೆ ಹಾಕುವಾಗ ಬಟ್ಟಲಿನ ಅಂಚಿನ ಒಳಗೆ ಎಡಗೈಯ ಬೆರಳನ್ನು ಇಟ್ಟುಕೊಂಡು, ಎಣ್ಣೆ ಬೆರಳಿಗೆ ತಾಗಿದ ಕೂಡಲೇ ನಿಲ್ಲಿಸಿದರು. ಒಂದು ತೊಟ್ಟೂ ಚೆಲ್ಲಲಿಲ್ಲ. ಬತ್ತಿಯನ್ನು ಹೊತ್ತಿಸಿ, ಗಾಳಿಗೆ ಅಡ್ಡವಾಗಿ ಕೈಯನ್ನು ಹಿಡಿದು ಸ್ವಲ್ಪ ಹೊತ್ತು ಹಾಗೆಯೇ ಕುಳಿತಿದ್ದರು. ನಾವು ಬಾಗಿಲಿನಲ್ಲಿ ನಿಂತಿದ್ದುದು ಅವರಿಗೆ ಹೇಗೆ ತಿಳಿಯಿತೋ.

"ಅಲ್ಲಿ ಹೋದ ಮೇಲೆ ನೀನು ಪಕ್ಕದಲ್ಲಿ ನಿಂತು ಅದು ಇಲ್ಲಿದೆ, ಇದು ಅಲ್ಲಿದೆ ಎಂದು ಹೇಳಬೇಡ, ಮಗಾ," ಎಂದರು. "ಕಾಣದೆ ಹೋದರೆ ನಾನೇ ಕೇಳುತ್ತೇನೆ."